ಹಾಡಿಗೆ ಮುನ್ನ ನಾಲ್ಕು ಮಾತು

ಬಾನುಲಿಯಲ್ಲಿ ಸಂಗೀತ ಕಾರ್ಯಕ್ರಮ ನಡೆಸಿಕೊಡುವವನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಹಾಡುವವರು ಬೇರೆ, ನುಡಿಸುವವರು ಬೇರೆ. ಯಂತ್ರಗಳನ್ನು ನೋಡಿಕೊಳ್ಳುವವರು ಗಾಜಿನ ಆಚೆ ಕುಳಿತಿರುತ್ತಾರೆ. ನಡುವೆ ಇವನೊಬ್ಬ ಏಕೆ? ನಮ್ಮ ಬೀದಿಯ ಹಿರಿಯರೊಬ್ಬರು ಒಮ್ಮೆ ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಿದರು: "ಅಲ್ಲಯ್ಯ, ಭಾನುವಾರ ರಾತ್ರಿ ಎಲ್ಲೆಲ್ಲಿಯದೋ ಹಾಡು ಹಾಕುತ್ತೀಯಲ್ಲ, ಹಾಕಿ ಸುಮ್ಮನಿರಬಾರದೆ? ಮಧ್ಯೆ ನಿನ್ನ ಮಾತೇಕೆ?" ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಸಂಗೀತ ಬಲ್ಲವರು, ಕಚೇರಿಯ ನಡುವೆ ಯಾರಾದರೂ ಪಿಸುಗುಟ್ಟಿದರೂ ತಿರುಗಿ ನೋಡುವವರು. ಆ ಹೊತ್ತಿಗೆ ನಾನು ನಕ್ಕು ಮಾತು ಹಾರಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬೆಂಗಳೂರಿನ ಒಂದು ಬಾನುಲಿ ಕೇಂದ್ರದಲ್ಲಿ ಸುಮಾರು ಹತ್ತು ವರ್ಷ ಕಾಲ, ವಾರಕ್ಕೊಮ್ಮೆ ಅರ್ಧ ಗಂಟೆ, ನಾನು ಲೋಕದ ನಾನಾ ದೇಶಗಳ ಸಂಗೀತವನ್ನು ಕನ್ನಡದ ಶ್ರೋತೃಗಳಿಗೆ ಕೇಳಿಸುತ್ತಿದ್ದೆ. ಒಂದು ವಾರ ಆಫ್ರಿಕದ ಮಾಲಿ, ಇನ್ನೊಂದು ವಾರ ಬಲ್ಗೇರಿಯ. ಕೆಲವೊಮ್ಮೆ ಒಂದೇ ಅರ್ಧ ಗಂಟೆಯಲ್ಲಿ ಜಾವಾ, ಐರ್ಲೆಂಡು, ಬ್ರೆಜಿಲ್ ಮೂರೂ. ಇಂಥ ಕಾರ್ಯಕ್ರಮದ ಒಳಗುಟ್ಟೇನು, ಅದರಿಂದ ನಾನು ಕಲಿತದ್ದೇನು, ಎಡವಿದ್ದೆಲ್ಲಿ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಎಡವಿದ ಕಥೆಯೇ ಮುಖ್ಯವಾದದ್ದು. ಅದನ್ನು ಹೇಳಬೇಕಾದರೆ ನಾನು ಬೆಳೆದ ಊರಿನಿಂದ ಪ್ರಾರಂಭಿಸಬೇಕು.

ನಾನು ಹುಟ್ಟಿ ಬೆಳೆದದ್ದು ನಂದಿದುರ್ಗದಲ್ಲಿ. ನಂದಿದುರ್ಗವೆಂದೊಡನೆ ನಿಮ್ಮ ಕಣ್ಣ ಮುಂದೆ ನಂದಿಬೆಟ್ಟ ಬಂದೀತು. ಅದಲ್ಲ, ಆ ಬೆಟ್ಟದ ಹೆಸರನ್ನು ಹೊತ್ತ ಗಣಿ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಕಡೆಗೆ ಹೋಗುವ ಗಾಡಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕೋಲಾರದ ಚಿನ್ನದ ಗಣಿಗಳ ಸೀಮೆ ಬರುತ್ತದೆ: ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿ. ೧೮೮೦ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿ ಭೂಮಿಯನ್ನು ಅಗೆಯತೊಡಗಿದ ಮೇಲೆ ಎಲ್ಲೆಲ್ಲಿಯ ಜನವೋ ಬಂದು ಸೇರಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಕಸಬುದಾರರು, ಇಟಲಿಯವರು, ಆಂಗ್ಲೋ ಇಂಡಿಯನ್ ಕುಟುಂಬಗಳು, ಕಾವಲಿಗೆ ಪಂಜಾಬಿಗಳು, ಚಿತ್ತೂರಿನ ತೆಲುಗರು. ಎಲ್ಲರಿಗಿಂತ ಹೆಚ್ಚಾಗಿ, ಉತ್ತರ ಆರ್ಕಾಟಿನಿಂದ ಬಂದು ಪಾತಾಳಕ್ಕಿಳಿದು ದುಡಿದ ತಮಿಳು ದಲಿತರು. ನನ್ನ ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತರು. ನಮ್ಮದು ಅಲ್ಲಿನ ಕೆಲವೇ ಕನ್ನಡ ಮನೆಗಳಲ್ಲೊಂದು.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ, ೧೯೬೦ರ ದಶಕದಲ್ಲಿ, ಗಣಿಗಳು ಸರ್ಕಾರದ ಕೈಗೆ ಬಂದಿದ್ದವು. ದೊರೆಗಳಲ್ಲಿ ಬಹುಪಾಲು ಜನ ಹೊರಟುಹೋಗಿದ್ದರು. ಆದರೆ ಶಬ್ದಗಳು ಉಳಿದಿದ್ದವು. ಪಾಳಿ ಬದಲಾಗುವಾಗ ಕೂಗುವ ಸೈರನ್, ಅದಿರು ಕುಟ್ಟುವ ಗಿರಣಿಯ ಬಿಡುವಿಲ್ಲದ ಸದ್ದು, ಅಪರೂಪಕ್ಕೊಮ್ಮೆ ನಡುರಾತ್ರಿ ನೆಲದಡಿಯಿಂದ ಬಂದು ಪಾತ್ರೆಗಳನ್ನು ಅಲುಗಿಸುವ ರಾಕ್ ಬರ್ಸ್ಟ್. ಆ ಸದ್ದಾದಾಗ ದೊಡ್ಡವರು ಮಾತು ನಿಲ್ಲಿಸಿ ಸೈರನ್ನಿಗೆ ಕಿವಿಗೊಡುತ್ತಿದ್ದರು. ಯಾರ ಮನೆಯವರು ಕೆಳಗಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇವುಗಳ ಮೇಲೆ ಸಂಗೀತ. ಕ್ರಿಸ್‌ಮಸ್ ಬಂದರೆ ಇಗರ್ಜಿಯ ಮೇಳಗಾಯನ, ಮದುವೆಗಳಿಗೆ ಹಿತ್ತಾಳೆಯ ಬ್ಯಾಂಡು, ಶನಿವಾರ ಭಜನೆ, ಕಾವಲುಗಾರರ ವಸತಿಯಿಂದ ಪಂಜಾಬಿ ಹಾಡು; ಕೂಲಿಗಳ ಲೈನುಗಳಿಂದ ಪರೈ, ಎಂದರೆ ನಮ್ಮ ತಮಟೆ. ಇಷ್ಟೆಲ್ಲ ಸಂಗೀತ ಒಂದೇ ಗಾಳಿಯಲ್ಲಿ ಸೇರುತ್ತಿತ್ತು. ಹಾಡಿದವರು ಮಾತ್ರ ಒಂದೇ ಜಗಲಿಯಲ್ಲಿ ಕುಳಿತದ್ದನ್ನು ನಾನು ಕಾಣೆ.

ಲೈನುಗಳ ಕಡೆ ಹೋಗಬಾರದೆಂದು ನಮ್ಮ ಮನೆಯಲ್ಲಿ ಕಟ್ಟಪ್ಪಣೆಯಿತ್ತು. ಪರೈ ಬಾರಿಸುತ್ತ ಶವಯಾತ್ರೆ ಬಂದರೆ ಅಮ್ಮ ಬೀದಿಯ ಕಡೆಯ ಕಿಟಕಿಯನ್ನು ಮುಚ್ಚುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ. ಅದೇ ಕೋಣೆಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದು, ನಮ್ಮ ರೇಡಿಯೋ ಕೂತಿತ್ತು. ವರ್ಷಕ್ಕೊಮ್ಮೆ ತಂದೆಯವರು ಅಂಚೆ ಕಚೇರಿಗೆ ಹೋಗಿ ಅದರ ಲೈಸೆನ್ಸಿಗೆ ಹಣ ಕಟ್ಟಿ ಬರುತ್ತಿದ್ದರು. ರಾತ್ರಿ ಮುಳ್ಳು ತಿರುಗಿಸುತ್ತ ಹೋದರೆ ಸಿಲೋನ್, ಲಂಡನ್, ಹೆಸರು ತಿಳಿಯದ ಇನ್ನೆಷ್ಟೋ ಊರುಗಳು. ಅರ್ಥವಾಗದ ಭಾಷೆಯ ಹಾಡುಗಳನ್ನು ಕೇಳುವ ಚಟ ನನಗೆ ಹತ್ತಿದ್ದು ಅಲ್ಲಿ. ಹತ್ತಿರದ ಕಿಟಕಿ ಮುಚ್ಚಿ ದೂರದ ಊರನ್ನು ಕೇಳಿದ ಆ ಹುಡುಗನೇ ಮುಂದೆ ಕಾರ್ಯಕ್ರಮ ನಡೆಸಿದವನು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಇರಲಿ. ಕೆಲಸದ ವಿಷಯಕ್ಕೆ ಬರೋಣ. ದಾಖಲೆಯಾದ ಸಂಗೀತಕ್ಕೆ ಪರಿಚಯದ ಮಾತು ಏಕೆ ಬೇಕಾಯಿತು ಎಂಬುದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಪ್ರಸಂಗವುಂಟು. ೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ತಂತಿ ಎಳೆದು ಕೋಲಾರದ ಗಣಿಗಳಿಗೆ ವಿದ್ಯುತ್ತು ತಂದರು. ಅದೇ ವರ್ಷದ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡ. ಒಂದೊಂದು ತಟ್ಟೆಗೆ ಮೂರು ನಿಮಿಷದಷ್ಟು ಜಾಗ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗುರುತು ಸಿಗಬೇಕಲ್ಲ! ಹೀಗೆ ಆರಂಭವಾದದ್ದು ಅವಳ ಮುದ್ರೆಯೇ ಆಗಿಹೋಯಿತು. ಆ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ನನ್ನ ಕಸುಬಿನ ಮೊದಲ ಪಾಠವನ್ನು ನಾನು ಅವಳಿಂದ ಕಲಿತೆನೆಂದು ಹೇಳಬಹುದು. ಹಾಡು ದೂರ ಹೋಗುವಾಗ ಅದರ ಜೊತೆಯಲ್ಲಿ ಹೆಸರೂ ಹೋಗಬೇಕು.

ಹೆಸರು ಹೋಗದಿದ್ದರೆ ಏನಾಗುತ್ತದೆ? ದಕ್ಷಿಣ ಆಫ್ರಿಕದ ಸಾಲೊಮನ್ ಲಿಂಡ ಎಂಬ ಜುಲು ಗಾಯಕ ೧೯೩೯ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ‘ಎಂಬೂಬೆ’ ಎಂಬ ಹಾಡನ್ನು ಧ್ವನಿಮುದ್ರಿಸಿದ. ಎಂಬೂಬೆ ಎಂದರೆ ಸಿಂಹ. ಅವನಿಗೆ ಸಿಕ್ಕಿದ್ದು ಹತ್ತು ಷಿಲಿಂಗು. ಆ ರಾಗ ಅಮೆರಿಕಕ್ಕೆ ಹೋಗಿ, ಬೇರೆ ಮಾತುಗಳನ್ನು ತೊಟ್ಟು, ಲೋಕವೆಲ್ಲ ಗುನುಗುವ ಹಾಡಾಯಿತು. ಲಿಂಡ ೧೯೬೨ರಲ್ಲಿ ಬಡತನದಲ್ಲೇ ಸತ್ತ. ಅವನ ಮಕ್ಕಳಿಗೆ ನ್ಯಾಯದ ಪಾಲು ದೊರೆಯುವ ಒಪ್ಪಂದವಾದದ್ದು ೨೦೦೬ರಲ್ಲಿ. ಈ ಹಾಡನ್ನು ಕೇಳಿಸಿದ ದಿನ ನಾನು ಲಿಂಡನ ಹೆಸರನ್ನು ಮೂರು ಸಲ ಹೇಳಿದೆ. ಹಾಗೆ ಹೇಳಿದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯ ಮಾತನ್ನು ಮರೆಯದಿರಿ, ಮುಂದೆ ಬರುತ್ತದೆ.

ನಾನಾ ದೇಶಗಳ ಸಂಗೀತವನ್ನು ಒಂದೆಡೆ ಬಡಿಸುವ ಈ ಪದ್ಧತಿ ನಮಗೆ ಹೊಸದೇನೂ ಅಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ‘ಆಕಾಶವಾಣಿ’ ಹೊರಡಿಸಿದರು. ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಬಂತು. ಜಯಚಾಮರಾಜ ಒಡೆಯರು ಒಂದು ಕಡೆ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸುತ್ತಲೇ, ಇನ್ನೊಂದು ಕಡೆ ಲಂಡನ್ನಿನಲ್ಲಿ ಮರೆತುಹೋಗಿದ್ದ ರಷ್ಯದ ಸ್ವರಕರ್ತ ಮೆಟ್ನರನ ಕೃತಿಗಳನ್ನು ೧೯೪೦ರ ದಶಕದಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದರು. ಆಕಾಶವಾಣಿ ೧೯೫೭ರ ಅಕ್ಟೋಬರಿನಲ್ಲಿ ಆರಂಭಿಸಿದ ‘ವಿವಿಧ ಭಾರತಿ’ಯ ಹೆಸರಿನಲ್ಲೇ ವಿವಿಧತೆಯಿದೆ, ಅದಕ್ಕೆ ಮುಂಚೆ ಕೆಲವು ವರ್ಷ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಾಗಿ ಜನರೆಲ್ಲ ಸಿಲೋನಿನ ಕಡೆ ಮುಳ್ಳು ತಿರುಗಿಸಿದ್ದರು ಎಂಬುದನ್ನು ಹಳಬರು ಬಲ್ಲರು. ‘ವಿಶ್ವ ಸಂಗೀತ’ ಎಂಬ ಹಣೆಪಟ್ಟಿ ಈಗಿನ ಅರ್ಥದಲ್ಲಿ ಹರಡಿದ್ದು ೧೯೮೭ರಲ್ಲಿ. ಲಂಡನ್ನಿನ ಕೆಲವು ಧ್ವನಿಮುದ್ರಿಕೆ ವ್ಯಾಪಾರಿಗಳು ಒಂದು ಪಾನಗೃಹದಲ್ಲಿ ಸಭೆ ಸೇರಿ, ಅಂಗಡಿಯಲ್ಲಿ ಈ ತಟ್ಟೆಗಳನ್ನು ಯಾವ ಗೂಡಿನಲ್ಲಿ ಇಡುವುದೆಂಬ ಸಮಸ್ಯೆಗೆ ಕಂಡುಕೊಂಡ ಉತ್ತರ ಅದು.

ಈ ಕಸುಬಿನಲ್ಲಿ ನನಗೆ ಗುರುವೆಂದು ಹೇಳಬಹುದಾದವರು ವಿಲ್ಲಿಸ್ ಕಾನೋವರ್. ಅಮೆರಿಕದ ಬಾನುಲಿಯ ವಿದೇಶ ವಿಭಾಗದಲ್ಲಿ ೧೯೫೫ರಿಂದ ೧೯೯೬ರಲ್ಲಿ ತೀರಿಕೊಳ್ಳುವವರೆಗೂ ಜಾಸ್ ಸಂಗೀತವನ್ನು ಕೇಳಿಸಿದವರು. ಇಂಗ್ಲಿಷ್ ಮನೆಮಾತಲ್ಲದವರೂ ಹಿಂಬಾಲಿಸಲಿ ಎಂದು ಅವರು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಿದ್ದರು. ಪೋಲೆಂಡು, ರಷ್ಯಗಳಲ್ಲಿ ಲಕ್ಷಾಂತರ ಜನ ಅವರ ದನಿಗಾಗಿ ಕಾದಿರುತ್ತಿದ್ದರಂತೆ. ಅವರ ದೇಶದಲ್ಲೇ ಆ ಕಾರ್ಯಕ್ರಮ ಪ್ರಸಾರವಾಗುವಂತಿರಲಿಲ್ಲವಾದ್ದರಿಂದ ಅಲ್ಲಿ ಅವರನ್ನು ಬಲ್ಲವರು ಕಡಿಮೆ. ಹುಡುಗನಾಗಿದ್ದಾಗ ನನಗೆ ಜಾಸ್ ತಿಳಿಯುತ್ತಿರಲಿಲ್ಲ; ಆದರೆ ಆ ದನಿ ನುಡಿಸಿದವರ ಹೆಸರುಗಳನ್ನು ಒಬ್ಬೊಬ್ಬರದಾಗಿ, ತಾಳ ಹಾಕಿದವನದೂ ಸೇರಿದಂತೆ, ಹೇಳುತ್ತಿದ್ದ ಗಾಂಭೀರ್ಯ ತಿಳಿಯುತ್ತಿತ್ತು.

ಅರ್ಧ ಗಂಟೆಯ ಲೆಕ್ಕ ಹೀಗೆ. ಆರಂಭದ ಮತ್ತು ಮುಕ್ತಾಯದ ನಾದ ಕಳೆದರೆ ಉಳಿಯುವುದು ಇಪ್ಪತ್ತಾರು ನಿಮಿಷ. ನಾಲ್ಕು ನಾಲ್ಕು ನಿಮಿಷದ ಐದು ಹಾಡು. ಮಿಕ್ಕ ಆರು ನಿಮಿಷದಲ್ಲಿ ಮಾತು. ಹಾಡೊಂದಕ್ಕೆ ಒಂದು ನಿಮಿಷ ಚಿಲ್ಲರೆ; ನೂರು ಪದ ದಾಟಬಾರದೆಂದು ನಾನು ಹಾಕಿಕೊಂಡ ನಿಯಮ. ಈ ನೂರು ಪದಗಳಲ್ಲಿ ದೇಶ, ಭಾಷೆ, ವಾದ್ಯ, ಚರಿತ್ರೆ ಎಲ್ಲವನ್ನೂ ತುರುಕಿದರೆ ಕೇಳುವವನು ಹಾಡು ಬರುವ ಮುಂಚೆಯೇ ದಣಿಯುತ್ತಾನೆ. ಆದ್ದರಿಂದ ಹೆಸರಿನ ಜೊತೆಗೆ ಒಂದೇ ಒಂದು ಸಂಗತಿ: ಈ ಹಾಡಿನಲ್ಲಿ ಯಾವುದಕ್ಕೆ ಕಿವಿಗೊಡಬೇಕು ಎಂಬುದು.

ಬಲ್ಗೇರಿಯದ ಹಳ್ಳಿಯ ಹೆಂಗಸರ ಮೇಳಗಾಯನವನ್ನು ತೆಗೆದುಕೊಳ್ಳಿ. ಎರಡು ದನಿಗಳು ಒಂದಕ್ಕೊಂದು ತೀರ ಹತ್ತಿರದ ಸ್ವರಗಳಲ್ಲಿ ನಿಂತು ಹಾಡುತ್ತವೆ. ನಮ್ಮ ಕಿವಿಗೆ ಶ್ರುತಿ ತಪ್ಪಿದಂತೆ ತೋರುತ್ತದೆ. "ತಪ್ಪಲ್ಲ, ಆ ಉಜ್ಜುವಿಕೆಯೇ ಅವರಿಗೆ ಸೊಗಸು, ಗಂಟೆಯ ನಾದದಂತೆ ಅದು ಗುಂಯ್‌ಗುಡುವುದನ್ನು ಕೇಳಿ" ಎಂದು ಮುಂಚೆ ಹೇಳಿದರೆ ಸಾಕು, ರೇಡಿಯೋ ಆರಿಸಲು ಎದ್ದ ಕೈ ಹಿಂದಕ್ಕೆ ಹೋಗುತ್ತದೆ. ಅವರ ಕುಣಿತದ ಒಂದು ತಾಳ ಏಳು ಅಕ್ಷರದ್ದು, ಎರಡು ಎರಡು ಮೂರು ಎಂದು. ಯುರೋಪಿನ ಬೇರೆ ಕಡೆಯವರಿಗೆ ಅದು ಕುಂಟುವಂತೆ ಕಾಣಿಸೀತು. ಮಿಶ್ರಛಾಪಿನ ಕೃತಿಗಳಿಗೆ ತೊಡೆ ತಟ್ಟಿ ಬೆಳೆದ ನಮಗೆ ಏನು ಕಷ್ಟ? ಮೂರು ನಾಲ್ಕು ಎನ್ನುವುದನ್ನು ತಿರುವಿ ಹಾಕಿಕೊಂಡರಾಯಿತು. ಇನ್ನು ಮಾಲಿಯ ‘ಕೋರ’: ಅರ್ಧ ಸೋರೆ ಬುರುಡೆಗೆ ಹಸುವಿನ ಚರ್ಮ ಬಿಗಿದು, ಇಪ್ಪತ್ತೊಂದು ತಂತಿ ಕಟ್ಟಿ, ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳಿಂದ ಮೀಟುವ ವಾದ್ಯ. ೨೦೨೪ರಲ್ಲಿ ತೀರಿಕೊಂಡ ತುಮಾನಿ ಜಬಾತೆ ಅದರ ಮಹಾ ವಿದ್ವಾಂಸ. ಅವರ ಮನೆತನದ ಕುಲವೃತ್ತಿಯೆಂದರೆ ಒಡೆಯರ ವಂಶಾವಳಿಯನ್ನು ನೆನಪಿನಿಂದ ಹಾಡುವುದು. ಇದನ್ನು ವಿವರಿಸಲು ನನಗೆ ನೂರು ಪದ ಬೇಕಾಗಲಿಲ್ಲ. "ನಮ್ಮ ಹೆಳವರಂತೆ" ಎಂದೆ. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರು ಹೇಳುವ ಹೆಳವನನ್ನು ಕಂಡವರಿಗೆಲ್ಲ ಅರ್ಥವಾಯಿತು.

ಮಾಡಬಾರದ್ದೂ ಕೆಲವಿವೆ. ‘ವಿಚಿತ್ರ’, ‘ಕಾಡುಜನರ’ ಎಂಬ ಮಾತುಗಳನ್ನು ಬಳಸಬಾರದು. ಅವರ ಮನೆಯಲ್ಲಿ ಅದು ವಿಚಿತ್ರವಲ್ಲ. ಎಲ್ಲರನ್ನೂ ‘ಅವರ ತ್ಯಾಗರಾಜರು’ ಎಂದು ಹೊಗಳಿ ಮುಗಿಸಬಾರದು. ಹಾಡಿನ ಕೊನೆಯ ಸ್ವರ ಆರುವ ಮುಂಚೆ ಬಾಯಿ ಹಾಕಬಾರದು. ಎಲ್ಲಕ್ಕಿಂತ ಕಷ್ಟದ್ದು ಹಾಡುಗಳ ಅನುಕ್ರಮ. ಯಾವ ಹಾಡಿನ ಪಕ್ಕದಲ್ಲಿ ಯಾವುದನ್ನು ಕೂರಿಸಬೇಕು? ವಾದ್ಯಗಳ ನಂಟಿನಿಂದ ಜೋಡಿಸಬಹುದು, ತಾಳದ ನಂಟಿನಿಂದ ಜೋಡಿಸಬಹುದು, ಹಾಡುವವರ ಕಸುಬಿನ ನಂಟಿನಿಂದಲೂ ಜೋಡಿಸಬಹುದು. ಒಮ್ಮೆ ಚೌಕಟ್ಟಿನ ಚರ್ಮವಾದ್ಯಗಳನ್ನೇ ಸೇರಿಸಿ ಒಂದು ಅರ್ಧ ಗಂಟೆ ಮಾಡಿದೆ: ಐರ್ಲೆಂಡಿನ ಬೌರಾನ್, ಈಜಿಪ್ಟಿನ ರಿಕ್, ಮೊರಾಕ್ಕೊದ ಬೆಂದೀರ್, ಬ್ರೆಜಿಲ್ಲಿನ ಪಂಡೇರು, ಕೊನೆಯಲ್ಲಿ ನಮ್ಮ ಖಂಜಿರ. ಬಹಳ ಜನ ಮೆಚ್ಚಿ ಬರೆದರು.

ಕಸುಬಿನ ನಂಟಿನಿಂದ ಕಟ್ಟಿದ್ದು ಗಣಿಗಳ ಹಾಡಿನ ಕಾರ್ಯಕ್ರಮ. ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದ್ದವು. ಅದಾಗಿ ಕೆಲವು ವರ್ಷಗಳ ಮೇಲೆ, ಊರಿನ ನೆನಪಿಗೆಂದು, ಅದನ್ನು ಮಾಡಬೇಕೆನಿಸಿತು. ಸಾಮಗ್ರಿಗೆ ಕೊರತೆಯಿರಲಿಲ್ಲ. ಹ್ಯೂ ಮಸೆಕೆಲನ ‘ಸ್ಟಿಮೆಲ’ ಇತ್ತು. ದಕ್ಷಿಣ ಆಫ್ರಿಕದ ಗಣಿಗಳಿಗೆ ಸುತ್ತಣ ದೇಶಗಳಿಂದ ಕೂಲಿಗಳನ್ನು ತುಂಬಿಕೊಂಡು ಬರುವ ರೈಲಿನ ಹಾಡು, ಅದರಲ್ಲಿ ಉಗಿಬಂಡಿಯ ಸಿಳ್ಳನ್ನು ಅವನು ಗಂಟಲಿನಿಂದಲೇ ಹೊರಡಿಸುತ್ತಾನೆ. ಅಲ್ಲಿನ ಗಣಿ ಕಾರ್ಮಿಕರು ರಬ್ಬರ್ ಬೂಟುಗಳನ್ನು ತಟ್ಟಿ ಕುಣಿಯುವ ತಾಳ ಇತ್ತು. ಕೂಲಿಗಳ ವಸತಿಗೃಹಗಳಲ್ಲಿ ಬೆಳೆದ, ತುದಿಗಾಲಿನಲ್ಲಿ ಹೆಜ್ಜೆ ಹಾಕುತ್ತ ಹಾಡುವ ‘ಇಸಿಕಾತಮಿಯ’ ಇತ್ತು. ಇಂಗ್ಲೆಂಡಿನ ಯಾರ್ಕ್‌ಷೈರಿನ ಗ್ರೈಮ್‌ಥಾರ್ಪ್ ಕಲ್ಲಿದ್ದಲು ಗಣಿಯ ಹಿತ್ತಾಳೆ ಬ್ಯಾಂಡು ಇತ್ತು. ೧೯೧೭ರಲ್ಲಿ ಹುಟ್ಟಿದ ಆ ಬ್ಯಾಂಡು, ೧೯೯೩ರಲ್ಲಿ ಗಣಿ ಮುಚ್ಚಿಹೋದ ಮೇಲೂ ಉಳಿದುಕೊಂಡು ನುಡಿಸುತ್ತಲೇ ಬಂದಿದೆ. ಕಾರ್ನ್‌ವಾಲಿನ ಗಣಿಗಾರರ ಕ್ರಿಸ್‌ಮಸ್ ಗೀತೆಯೂ ಒಂದಿತ್ತು. ಇವುಗಳ ನಡುವೆ ನಂದಿದುರ್ಗದ ಸೈರನ್ ಕುರಿತು, ಅಲುಗುವ ಪಾತ್ರೆಗಳ ಕುರಿತು ನಾನು ಭಾವಪೂರ್ಣವಾಗಿ ಮಾತನಾಡಿದೆ. ಕಾರ್ಯಕ್ರಮ ಚೆನ್ನಾಗಿ ಬಂತೆಂದೇ ನನ್ನ ಎಣಿಕೆ.

ಹದಿನೈದು ದಿನಗಳ ಮೇಲೆ ಒಂದು ಕಾಗದ ಬಂತು. ಬರೆದವರು ನಂದಿದುರ್ಗ ಗಣಿಯಲ್ಲಿ ಮೂವತ್ತು ವರ್ಷ ನೆಲದಡಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡ ಅವರಿಗೆ ಕಲಿತ ಭಾಷೆ. ಆದರೂ ಅಕ್ಷರ ದುಂಡಗೆ, ಮಾತು ನೆಟ್ಟಗೆ ಇತ್ತು. ಬೈಗುಳವಿಲ್ಲ. ನಾನು ಆಫ್ರಿಕದ ಗಾಯಕನ ಹೆಸರನ್ನು ಮೂರು ಸಲ ಹೇಳಿದ್ದನ್ನು ಅವರು ನೆನಪಿಟ್ಟಿದ್ದರು. ಚರ್ಮವಾದ್ಯಗಳ ಕಾರ್ಯಕ್ರಮವನ್ನೂ ಕೇಳಿದ್ದರು. ಐದು ದೇಶಗಳ ವಾದ್ಯ ಕೇಳಿಸಿದವರಿಗೆ ಪರೈ ನೆನಪಾಗಲಿಲ್ಲವೆ, ಊರೂರಿನ ಗಣಿಯ ಹಾಡು ಹುಡುಕಿದವರಿಗೆ ನಮ್ಮ ಲೈನಿನ ಹಾಡು ಸಿಗಲಿಲ್ಲವೆ, ತಾವು ನಂದಿದುರ್ಗದಲ್ಲಿ ಯಾವ ಬೀದಿಯಲ್ಲಿದ್ದಿರಿ ಎಂದು ಕೇಳಿದ್ದರು. ಅಷ್ಟೆ.

ಯಾವ ಬೀದಿಯಲ್ಲಿದ್ದೆ ಎಂಬ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ನನ್ನಲ್ಲಿ ಪರೈಯ ಒಂದು ಧ್ವನಿಮುದ್ರಿಕೆಯೂ ಇರಲಿಲ್ಲ ಎಂಬುದು ನಿಜ. ಆದರೆ ಮಾಲಿಯ ತಟ್ಟೆಗಾಗಿ ಮೂರು ದೇಶಗಳ ಗೆಳೆಯರಿಗೆ ಬರೆದವನು, ಬಂಗಾರಪೇಟೆಗೆ ಒಂದು ಕಾರ್ಡು ಹಾಕಿರಲಿಲ್ಲ. ಹುಡುಕಿ ಸಿಗದೆ ಹೋಗಿದ್ದರೆ ಬೇರೆ ಮಾತು, ಹುಡುಕಬೇಕೆಂದೇ ತೋರಲಿಲ್ಲ. ಅಮ್ಮ ಮುಚ್ಚಿದ ಕಿಟಕಿ ನನ್ನ ಕಿವಿಯಲ್ಲಿ ಹಾಗೆಯೇ ಇತ್ತು. ನನ್ನ ಹಾಡುಗಳ ಅನುಕ್ರಮದಲ್ಲಿ ಖಂಜಿರಕ್ಕೆ ಸ್ಥಳವಿದ್ದು ತಮಟೆಗೆ ಇಲ್ಲದ್ದು ಅಕಸ್ಮಾತ್ತಲ್ಲ. ಒಂದು ಕಚೇರಿಯ ವೇದಿಕೆ ಹತ್ತಿತ್ತು, ಇನ್ನೊಂದನ್ನು ಹತ್ತಿಸಿರಲಿಲ್ಲ.

ಧ್ವನಿಗ್ರಹಣದ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಗಣಿಯ ಮಣ್ಣಿನ ಬೂದುಬಣ್ಣದ ಗುಡ್ಡಗಳು ಹಾಗೆಯೇ ಇದ್ದವು. ಶಾಫ್ಟಿನ ಮೇಲಣ ಚಕ್ರಗಳು ನಿಂತಿದ್ದವು. ಬೆಳಗಿನ ರೈಲಿನಲ್ಲಿ ಊರಿನ ಅರ್ಧ ಜನ ಕೂಲಿಗಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಿದ್ದರು. ಕಾಗದ ಬರೆದ ಹಿರಿಯರು ನನಗಾಗಿ ನಿಲ್ದಾಣದಲ್ಲಿ ಕಾದಿದ್ದರು. "ವಾಂಗ ಸಾರ್, ಬನ್ನಿ" ಎಂದು ಎರಡೂ ಭಾಷೆಯಲ್ಲಿ ಕರೆದರು. ಲೈನಿನ ಅವರ ಮನೆಯಲ್ಲಿ ಕಾಫಿ ಕುಡಿದೆ. ಐವತ್ತು ವರ್ಷ ದಾಟಿದ ಮೇಲೆ, ನಮ್ಮ ಹಳೆಯ ಮನೆಯಿಂದ ಹತ್ತು ನಿಮಿಷದ ಹಾದಿಗೆ ನಾನು ಮೊದಲ ಸಲ ಕಾಲಿಟ್ಟದ್ದು ಅಂದು.

ಎಣಿಸಿದಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಪರೈ ನುಡಿಸಬಲ್ಲ ಹಿರಿಯರು ಮೂವರಿದ್ದರು, ಒಪ್ಪಿದ್ದರು. ಆದರೆ ಆ ಬೀದಿಯ ಒಬ್ಬ ಯುವಕ ಅಡ್ಡ ಬಂದ. ಕಾಲೇಜು ಓದಿದವನು, ಗೋಡೆಯ ಮೇಲೆ ಅಂಬೇಡ್ಕರರ ಚಿತ್ರವಿದ್ದ ಮನೆಯವನು. "ಸಾರ್, ಸಾವಿಗೆ ಬಾರಿಸು ಎಂದು ನಮ್ಮ ತಾತಂದಿರನ್ನು ಕಟ್ಟಿಹಾಕಿದ್ದರು. ಬಾರಿಸುವುದಿಲ್ಲ ಎಂದು ಬಿಟ್ಟದ್ದೇ ನಮ್ಮವರ ಗೆಲುವು. ಈಗ ಚೆಂದವಾಗಿದೆ ಎಂದು ನೀವು ಕೇಳಲು ಬಂದಿರಿ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಪರೈ ಬಾರಿಸುವ ಜನದ ಹೆಸರನ್ನೇ ಎತ್ತಿಕೊಂಡು ಇಂಗ್ಲಿಷಿನವರು ‘ಪರಾಯ’ ಎಂಬ ಶಬ್ದ ಮಾಡಿ, ಬಹಿಷ್ಕೃತನೆಂಬ ಅರ್ಥ ಕೊಟ್ಟು ಲೋಕದ ನಿಘಂಟುಗಳಿಗೆ ಹತ್ತಿಸಿದ್ದಾರೆ. ಒಂದು ವಾದ್ಯದ ಹೆಸರಿಗೆ ಇಷ್ಟು ದೂರ ಹೋದ ಅವಮಾನ ಬೇರೆಲ್ಲೂ ಇರಲಾರದು. ಅಂಥದ್ದನ್ನು ನಾಲ್ಕು ನಿಮಿಷದ ಸೊಗಸಾಗಿ ಮಾಡಲು ನನಗೇನು ಅಧಿಕಾರ?

ಕೊನೆಗೆ ದಾರಿ ತೋರಿಸಿದವರು ಆ ಹಿರಿಯರೇ. "ತಂಬಿ, ಪರೈ ಅಂದರೆ ಹೇಳು ಎಂದೇ ಅರ್ಥ. ರಾಜನ ಆಜ್ಞೆ ಬಂದರೂ, ಪ್ರವಾಹ ಬಂದರೂ ಊರಿಗೆ ಹೇಳುತ್ತಿದ್ದದ್ದು ಇದು. ರೇಡಿಯೋ ಇಲ್ಲದ ಕಾಲದ ರೇಡಿಯೋ. ಸಾವಿನದು ಬೇಡ, ಬೇರೆಯದನ್ನು ಬಾರಿಸುತ್ತೇವೆ" ಎಂದರು. ಡಂಗುರ ಸಾರುವುದೆಂಬ ಮಾತನ್ನು ನಾನು ಜೀವಮಾನವೆಲ್ಲ ಬಳಸಿದ್ದೆ. ಡಂಗುರಕ್ಕೂ ನನ್ನ ಕಸುಬಿಗೂ ಇರುವ ನಂಟನ್ನು ಮಾತ್ರ ಯೋಚಿಸಿರಲಿಲ್ಲ. ಯುವಕ ಮೂರು ಷರತ್ತು ಹಾಕಿದ. ಏನನ್ನು ನುಡಿಸಬೇಕೆಂಬುದನ್ನು ಅವರೇ ಗೊತ್ತುಮಾಡಬೇಕು. ಮೂವರ ಹೆಸರನ್ನೂ ಹೇಳಬೇಕು. ಬೇರೆ ವಿದ್ವಾಂಸರಿಗೆ ಸಲ್ಲುವ ಸಂಭಾವನೆಯೇ ಸಲ್ಲಬೇಕು. ಮೂರೂ ನ್ಯಾಯವಾದವು. ಸಾಲೊಮನ್ ಲಿಂಡನ ಕಥೆ ಹೇಳುವಾಗ ನಾನೇ ಶ್ರೋತೃಗಳಿಗೆ ಬೋಧಿಸಿದ್ದು ಇದನ್ನೇ.

ಮೈದಾನದಲ್ಲಿ ಒಣಹುಲ್ಲಿನ ಬೆಂಕಿ ಹಾಕಿ ಚರ್ಮವನ್ನು ಕಾಯಿಸಿದರು. ಕಾದಂತೆ ಅದು ಬಿಗಿದು ನಾದ ಮೇಲೇರುತ್ತದೆ; ಆಗಾಗ ಬೆರಳಿನಿಂದ ತಟ್ಟಿ ನೋಡುತ್ತಾರೆ. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳು ಬಿದಿರು ಕಡ್ಡಿ. ಒಂದರದು ಆಳದ ಪೆಟ್ಟು, ಇನ್ನೊಂದರದು ಚಾಟಿಯಂಥ ದನಿ. ಮೂವರೂ ಒಂದೇ ನಡೆಯಲ್ಲಿ ಆರಂಭಿಸಿ, ಒಬ್ಬ ಮೂರರ ಲೆಕ್ಕಕ್ಕೆ ಜಾರಿದಾಗ ಇನ್ನಿಬ್ಬರು ನಾಲ್ಕರಲ್ಲೇ ನಿಂತು, ತಿರುಗಿ ಒಂದೆಡೆ ಬಂದು ಸೇರಿದರು. ನನ್ನ ಯಂತ್ರದ ಮುಳ್ಳು ಕೊನೆಯ ಗೆರೆ ಮುಟ್ಟಿ ನಡುಗುತ್ತಿತ್ತು. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲಬೇಕಾಯಿತು. ಯುವಕ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಕುಣಿಯಲಿಲ್ಲ, ಹೋಗಲೂ ಇಲ್ಲ.

ಹಿಂದಿರುಗುವ ಮುನ್ನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೂ ಹೋಗಿ ಬಂದೆ. ಹೈದರಾಲಿ ಹುಟ್ಟಿದ ಊರೆಂದು ಅದನ್ನು ಬಲ್ಲಿರಿ. ಅಲ್ಲಿ ‘ನಮ್ಮ ಧ್ವನಿ’ ಎಂಬ ಊರವರದೇ ಬಾನುಲಿ ನಡೆದಿತ್ತು. ಗಾಳಿಯ ಅಲೆಗಳು ಸರ್ಕಾರದ ಸೊತ್ತಲ್ಲ, ಜನರ ಸೊತ್ತು ಎಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ಹೇಳಿತ್ತಾದರೂ ಹಳ್ಳಿಯವರಿಗೆ ಪ್ರಸಾರದ ಅನುಮತಿ ಸಿಗುವಂತಿರಲಿಲ್ಲ. ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ೨೦೦೩ರ ಸುಮಾರಿಗೆ ಒಂದು ಉಪಾಯ ಹೂಡಿದವು: ಗಾಳಿಯಲ್ಲಿ ಬೇಡ, ತಂತಿಯಲ್ಲಿ ಕಳಿಸೋಣ. ಟೆಲಿವಿಷನ್ ಕೇಬಲ್ಲಿನ ಮೂಲಕ ಕಾರ್ಯಕ್ರಮ ಮನೆಮನೆಗೆ ಹೋಯಿತು. ಸ್ವಸಹಾಯ ಸಂಘದ ಹೆಂಗಸರೇ ಮಾತನಾಡಿದರು, ಹಾಡಿದರು. ಇಂಥ ಸಮುದಾಯ ಬಾನುಲಿಗಳಿಗೆ ಸರ್ಕಾರ ಬಾಗಿಲು ತೆರೆದದ್ದು ೨೦೦೬ರಲ್ಲಿ. ಕಾರ್ಯಕ್ರಮ ನಡೆಸಿಕೊಡುವವನು ದೂರದ ಪಟ್ಟಣದಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲವೆಂಬುದು ಅಲ್ಲಿ ಚೆನ್ನಾಗಿ ತಿಳಿಯಿತು.

ಪರೈಯ ನಾದವನ್ನು ಬೆಂಗಳೂರಿನಲ್ಲಿ ಪ್ರಸಾರ ಮಾಡಿದಾಗ ಅದನ್ನು ಎಲ್ಲಿ ಕೂರಿಸುವುದೆಂದು ಬಹಳ ಯೋಚಿಸಿದೆ. ವಿಶೇಷ ಕಾರ್ಯಕ್ರಮ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಸರಿಯೆನಿಸಲಿಲ್ಲ. ಐರ್ಲೆಂಡಿನ ಬೌರಾನ್ ಆದಮೇಲೆ ಪರೈ, ಪರೈ ಆದಮೇಲೆ ಮೊರಾಕ್ಕೊದ ಬೆಂದೀರ್. ನಡುವಿನ ಸಾಲಿನಲ್ಲಿ, ಸಮಾನರ ಪಂಕ್ತಿಯಲ್ಲಿ. ಅದಕ್ಕೆ ಮುನ್ನ ನೂರು ಪದದ ಮಾತು. ಅದರಲ್ಲಿ ಮೂವರ ಹೆಸರು, ಊರು, ಅವರು ದುಡಿದ ಗಣಿ. ಆ ಯುವಕನ ಆಕ್ಷೇಪವನ್ನೂ, ಅವನ ಒಪ್ಪಿಗೆ ಪಡೆದು, ಎರಡು ವಾಕ್ಯದಲ್ಲಿ ಹೇಳಿದೆ. ಕೆಲವರು ಸಂಗೀತದಲ್ಲಿ ಜಾತಿಯ ಮಾತೇಕೆ ಎಂದು ಬರೆದರು. ಕಾಗದಗಳನ್ನು ತೆಗೆದಿಟ್ಟಿದ್ದೇನೆ.

ಈಗ ಕಾಲ ಬದಲಾಗಿದೆ. ದಲಿತ ಚಳವಳಿಯ ಮೆರವಣಿಗೆಗಳಲ್ಲಿ ತಮಟೆ ಹೋರಾಟದ ದನಿಯಾಗಿ ದಶಕಗಳೇ ಆದವು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಕೈಯಲ್ಲಿರುವ ಫೋನಿನಲ್ಲಿ ಮಾಲಿಯ ಕೋರವೂ ಬಲ್ಗೇರಿಯದ ಮೇಳವೂ ಬೇಕೆಂದಾಗ ಸಿಗುತ್ತವೆ. ಒಂದಾದಮೇಲೊಂದು ಹಾಡನ್ನು ಯಂತ್ರವೇ ಆರಿಸಿ ಕೊಡುತ್ತದೆ, ಮಾತಿಲ್ಲದೆ. ನಮ್ಮ ಬೀದಿಯ ಹಿರಿಯರಿದ್ದಿದ್ದರೆ ಸಂತೋಷಪಡುತ್ತಿದ್ದರೇನೋ. ಆದರೆ ಅವರಿಗೆ ನಾನು ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಈಗ ಕೊಡಬಲ್ಲೆ. ನನ್ನ ಮಾತು ಹಾಡಿಗೆ ಬೇಕಾಗಿರಲಿಲ್ಲ. ಹಾಡಿದವನು ಯಾರೆಂದು ಯಾರಾದರೂ ಹೇಳಬೇಕಾಗಿತ್ತು. ಹೇಳುವವನು ಯಾರನ್ನು ಬಿಟ್ಟನೆಂದು ಕೇಳಲು ಅವನಿಗೊಂದು ವಿಳಾಸವೂ ಇರಬೇಕಾಗಿತ್ತು.

ಪ್ರಸಾರವಾದ ವಾರವೇ ನಂದಿದುರ್ಗದಿಂದ ಒಂದು ಕಾರ್ಡು ಬಂತು. ಲೈನಿನವರೆಲ್ಲ ಒಂದೇ ಮನೆಯಲ್ಲಿ ಕೂತು ಕೇಳಿದೆವು, ನಾದ ಚೆನ್ನಾಗಿ ಬಂದಿದೆ, ಸಂಭಾವನೆ ತಲುಪಿತು ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ಮೂವರಲ್ಲಿ ಕಿರಿಯವರ ಹೆಸರಿನ ನಡುವಣ ಅಕ್ಷರವನ್ನು ನೀವು ಕನ್ನಡದವರಂತೆ ಒತ್ತಿ ಹೇಳಿದಿರಿ, ತಮಿಳಿನಲ್ಲಿ ಅದು ಮೆಲ್ಲಗೆ ಬರಬೇಕು. ಮುಂದಿನ ಭಾನುವಾರ, ಮೊದಲ ಹಾಡಿಗೆ ಮುನ್ನ, ಆ ಹೆಸರನ್ನು ಇನ್ನೊಮ್ಮೆ ಸರಿಯಾಗಿ ಹೇಳಿದೆ.

(ಬಾನುಲಿ ಭಾಷಣದ ಬರಹರೂಪ)